ಹೆಪ್ಪುಗಟ್ಟದ ಬುತ್ತಿ



ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಹಿಮಾಲಯದ ಹಾದಿ ಹಿಡಿಯುತ್ತಾರೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಸಾಂಕ್ರಿ ಎಂಬ ಪುಟ್ಟ ಊರಿದೆ. ಅಲ್ಲಿಂದ ಕೇದಾರಕಂಠ ಶಿಖರಕ್ಕೆ ಚಳಿಗಾಲದ ಚಾರಣ ಹೊರಡುತ್ತದೆ. ಶಿಖರದ ಎತ್ತರ ಸುಮಾರು 3,800 ಮೀಟರ್. ಆ ದಾರಿಯಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಈಗ ಸಾಮಾನ್ಯ. ಇನ್ನೂ ಗಟ್ಟಿಗರು ಲಡಾಖಿಗೆ ಹೋಗಿ ಜನವರಿ, ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆಯೇ ನಡೆಯುತ್ತಾರೆ. ಅದು ಚಾದರ್ ಚಾರಣ. ಕೇದಾರಕಂಠದ ಬುಡದಲ್ಲಿ ಡೇರೆ ಹಾಕಿದರೆ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯಬಹುದು. ಚಾದರಿನಲ್ಲಿ ಇಪ್ಪತ್ತು ಡಿಗ್ರಿ, ಒಮ್ಮೊಮ್ಮೆ ಅದಕ್ಕೂ ಕೆಳಗೆ.

ಹೊರಡುವ ಮುಂಚೆ ಎಲ್ಲರೂ ಬೂಟು, ಜಾಕೆಟ್ಟು, ಕೈಗವಸು ಎಂದು ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಊಟದ ವಿಚಾರ ಕೇಳುವವರು ಕಡಿಮೆ. ಅಲ್ಲಿ ಹೇಗೂ ಎಲ್ಲ ತಣ್ಣಗಿರುತ್ತದೆ, ಏನೂ ಕೆಡುವುದಿಲ್ಲ ಎಂಬ ಧೈರ್ಯ. ಕೆಡುವುದಿಲ್ಲ ಎಂಬುದು ನಿಜ. ಆದರೆ ಮೊದಲ ರಾತ್ರಿ ಕಳೆದು ಬೆಳಗ್ಗೆ ಚೀಲ ಬಿಚ್ಚಿದಾಗ ಕಿತ್ತಳೆ ಹಣ್ಣಿನ ಮೇಲೆ ಉಗುರು ಊರುವುದಿಲ್ಲ, ಚಪಾತಿ ಮಡಿಚಿದರೆ ಮುರಿಯುತ್ತದೆ, ಮೊಟ್ಟೆ ಒಡೆದು ಚಿಪ್ಪಿನಾಚೆ ಗಟ್ಟಿಯಾಗಿ ಉಬ್ಬಿಕೊಂಡಿರುತ್ತದೆ, ನೀರಿನ ಬಾಟಲಿಯ ಮುಚ್ಚಳ ತಿರುಗುವುದೇ ಇಲ್ಲ. ಸಿಯಾಚಿನ್ ಹಿಮನದಿಯ ಮೇಲೆ ಕಾವಲಿರುವ ನಮ್ಮ ಸೈನಿಕರು ಹಣ್ಣಿನ ರಸದ ಡಬ್ಬಿಯನ್ನೂ ಮೊಟ್ಟೆಯನ್ನೂ ಸುತ್ತಿಗೆಯಿಂದ ಬಡಿದು ತೋರಿಸಿದ ಒಂದು ವಿಡಿಯೋ 2019ರಲ್ಲಿ ದೇಶವೆಲ್ಲ ಸುತ್ತಿತು. ನೋಡಿದವರು ಬೆರಗಾದರು. ಆ ಯೋಧರಿಗೆ ಅದು ದಿನದ ಊಟ.

ಇಲ್ಲಿ ಒಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳೋಣ. ಚಳಿಯಲ್ಲಿ ಹೆಪ್ಪುಗಟ್ಟುವುದು ಆಹಾರದೊಳಗಿನ ನೀರು. ಕಿತ್ತಳೆಯಲ್ಲಿ, ಟೊಮ್ಯಾಟೊದಲ್ಲಿ, ಆಲೂಗಡ್ಡೆಯಲ್ಲಿ ನೀರು ತುಂಬ ಇದೆ, ಅದಕ್ಕೇ ಅವು ಕಲ್ಲಾಗುತ್ತವೆ. ಅವಲಕ್ಕಿಯಲ್ಲಿ ನೀರಿಲ್ಲವೆನ್ನುವಷ್ಟು ಕಡಿಮೆ, ಅದು ಎಂಥ ಚಳಿಯಲ್ಲೂ ಅವಲಕ್ಕಿಯಾಗಿಯೇ ಉಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಮೊಟ್ಟೆಯ ಚಿಪ್ಪು ಸೀಳುವುದು, ಗಾಜಿನ ಶೀಶೆ ಒಡೆಯುವುದು ಇದರಿಂದಲೇ. ತರಕಾರಿಯ ಒಳಗೂ ಇದೇ ನಡೆಯುತ್ತದೆ. ಜೀವಕೋಶಗಳ ಗೋಡೆ ಹರಿದು, ಕರಗಿದ ಮೇಲೆ ಟೊಮ್ಯಾಟೊ ನೀರುನೀರಾಗುತ್ತದೆ, ಆಲೂಗಡ್ಡೆ ಮೆತ್ತಗಾಗಿ ಕಪ್ಪಿಡುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನ ಹಾಗೆ ಜಗಿಯಬೇಕು. ಹೆಪ್ಪುಗಟ್ಟಿದ್ದನ್ನು ತಿಂದರೆ ರೋಗ ಬರುತ್ತದೆಂದಲ್ಲ. ಅದನ್ನು ಕರಗಿಸಲು ಉರುವಲು ಬೇಕು, ಹೊತ್ತು ಬೇಕು, ಆ ಎತ್ತರದಲ್ಲಿ ಎರಡಕ್ಕೂ ಬರ.

ಹಾಗಾಗಿ ಈ ಕೆಲಸ ಊರಿನ ಅಡುಗೆಮನೆಯಲ್ಲೇ ಶುರುವಾಗಬೇಕು. ನೀರಿಲ್ಲದ ಬುತ್ತಿ ಕಟ್ಟುವುದು ನಮ್ಮ ತಾಯಂದಿರಿಗೆ ಹೊಸ ವಿದ್ಯೆಯಲ್ಲ. ನಮ್ಮ ನಾಡಿನಲ್ಲಿ ಬುತ್ತಿಗೆ ಶತ್ರು ಸೆಖೆ ಮತ್ತು ತೇವ. ಬೂಸ್ಟು ಹಿಡಿಯಬಾರದು, ಹಳಸಬಾರದು ಎಂದು ನೀರನ್ನು ಹೊರಗೆ ಹಾಕುವ ಉಪಾಯಗಳನ್ನೆಲ್ಲ ನಮ್ಮ ಹಿರಿಯರು ಕಂಡುಕೊಂಡರು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಗೋಕಾಕದ ಕರದಂಟು, ತಂಬಿಟ್ಟು, ಹುರಿಗಡಲೆ, ಹುರಿಹಿಟ್ಟು. ಸೆಖೆಗೆಂದು ಕಟ್ಟಿದ ಈ ಬುತ್ತಿ ಹಿಮದಲ್ಲೂ ಅಷ್ಟೇ ನಿಷ್ಠೆಯಿಂದ ನಿಲ್ಲುತ್ತದೆ, ಏಕೆಂದರೆ ಎರಡೂ ಕಡೆ ಕಾಟ ಕೊಡುವುದು ನೀರೇ. ಕಡಕ್ ರೊಟ್ಟಿ ಮನೆಯಲ್ಲೂ ಮುರಿಯುತ್ತದೆ, ಮಂಜಿನಲ್ಲೂ ಮುರಿಯುತ್ತದೆ, ಅದಕ್ಕೆ ಚಳಿ ಹೊಸದಾಗಿ ಮಾಡುವುದೇನೂ ಇಲ್ಲ.

ಹುರಿಹಿಟ್ಟಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿಯನ್ನು ತುಸು ತೇವ ಮಾಡಿ, ಕಾದ ಮರಳಲ್ಲಿ ಅರಳಿಸಿ, ಬೀಸಿದ ಹಿಟ್ಟು ಅದು. ಆಗಲೇ ಬೆಂದದ್ದು, ಮತ್ತೆ ಒಲೆಗೆ ಇಡಬೇಕಿಲ್ಲ. ಬೆಲ್ಲ ಸೇರಿಸಿ ಹಾಲಲ್ಲೋ ಮಜ್ಜಿಗೆಯಲ್ಲೋ ಕಲಸಿಕೊಂಡರೆ ಊಟ. ಲಡಾಖಿನವರು ಇದೇ ಕೆಲಸವನ್ನು ಬಾರ್ಲಿಯಲ್ಲಿ ಮಾಡುತ್ತಾರೆ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ತ್ಸಂಪಾ. ಅದನ್ನು ಬೆಣ್ಣೆ, ಉಪ್ಪು ಹಾಕಿದ ಬಿಸಿ ಚಹಾದಲ್ಲಿ ಬೆರಳಿನಿಂದಲೇ ಕಲಸಿ ಉಂಡೆ ಮಾಡಿದರೆ ಖೋಲಕ್. ಈಗ ಪ್ರವಾಸಿಗಳು ಸಾಹಸಕ್ಕೆಂದು ನಡೆಯುವ ಚಾದರ್ ದಾರಿ ಝಂಸ್ಕಾರದ ಜನರಿಗೆ ಬದುಕಿನ ದಾರಿಯಾಗಿತ್ತು. ಕಣಿವೆಯ ಹಾದಿಗಳೆಲ್ಲ ಹಿಮದಲ್ಲಿ ಮುಚ್ಚಿಹೋದಾಗ ಅವರು ನದಿಯ ಮಂಜಿನ ಮೇಲೆ ನಡೆದು ಲೇಹ್ ಪೇಟೆಗೆ ಬೆಣ್ಣೆ ಮಾರಲು ಬರುತ್ತಿದ್ದರು. ರಾತ್ರಿ ನದಿದಂಡೆಯ ಗುಹೆಗಳಲ್ಲಿ ತಂಗುತ್ತಿದ್ದರು. ಹೊತ್ತ ಸರಕು ಬೆಣ್ಣೆ, ಕೈಯಲ್ಲಿದ್ದ ಬುತ್ತಿ ತ್ಸಂಪಾ, ಒಣಗಿಸಿದ ಗಿಣ್ಣು, ಒಣ ಏಪ್ರಿಕಾಟ್. ಇದರಲ್ಲಿ ಹೆಪ್ಪುಗಟ್ಟಿ ಹಾಳಾಗುವ ವಸ್ತು ಒಂದೂ ಇಲ್ಲ. ಎಷ್ಟೋ ತಲೆಮಾರುಗಳ ಅನುಭವ ಆ ಬುತ್ತಿಯಲ್ಲಿತ್ತು. ಇಂದು ಚಾರಣ ಸಂಸ್ಥೆಗಳ ಮೆನುವಿನಲ್ಲಿ ಪಾಸ್ತಾ, ಪನೀರು ಕಂಡಾಗ ನನಗೆ ಬೇಸರವೇ ಆಗುತ್ತದೆ. ದುಡ್ಡು ಕೊಟ್ಟ ಅತಿಥಿಗೆ ರುಚಿ ಬೇಕು ಎನ್ನುತ್ತಾರೆ. ಆ ಪನೀರನ್ನು ಹೆಪ್ಪುಗಟ್ಟದಂತೆ ಕಾಯುವ ಹೊರೆ ಬೀಳುವುದು ಅಡುಗೆಯವರ ಮೇಲೆ, ಅದನ್ನು ಹೊರುವ ಭಾರ ಬೀಳುವುದು ಹೇಸರಗತ್ತೆಯ ಮೇಲೆ, ಇಲ್ಲವೇ ಹಮಾಲನ ಬೆನ್ನಿನ ಮೇಲೆ.

ತುಪ್ಪದ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಮಕ್ಕಳ ಚೀಲಕ್ಕೆ ತುಪ್ಪದ ಡಬ್ಬಿ ಹಾಕದೆ ಕಳಿಸುವುದಿಲ್ಲ. ಚಳಿಯಲ್ಲಿ ತುಪ್ಪ ಬೇಕೇ ಬೇಕು. ಒಂದು ಗ್ರಾಂ ಹಿಟ್ಟು, ಸಕ್ಕರೆ ಕೊಡುವುದು ಸುಮಾರು ನಾಲ್ಕು ಕಿಲೊಕ್ಯಾಲೊರಿ, ಒಂದು ಗ್ರಾಂ ಕೊಬ್ಬು ಕೊಡುವುದು ಒಂಬತ್ತು. ಆದರೆ ಡಬ್ಬಿಯಲ್ಲಿ ಕಲ್ಲಾದ ತುಪ್ಪಕ್ಕೆ ಪ್ಲಾಸ್ಟಿಕ್ ಚಮಚ ಹಾಕಿದರೆ ಚಮಚವೇ ಮುರಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗೇ ಗಟ್ಟಿಯಾಗುವುದು, ಚಳಿಗಾಲದ ಮುಂಜಾನೆ ಇಲ್ಲೇ ನೋಡಿದ್ದೀರಿ. ಹಾಗಾಗಿ ತುಪ್ಪವನ್ನು ಮನೆಯಲ್ಲೇ ಹಿಟ್ಟಿನೊಳಗೆ ಸೇರಿಸಿಬಿಡಿ. ತಂಬಿಟ್ಟು, ಬೇಸನ್ ಉಂಡೆ, ಅಂಟಿನುಂಡೆ ಮಾಡಿ ಕಳಿಸಿ. ಉಂಡೆ ದೊಡ್ಡದಾಗುವುದು ಬೇಡ, ಒಂದೇ ತುತ್ತಿಗೆ ಬಾಯಿಗೆ ಹೋಗುವಷ್ಟಿರಲಿ. ದೊಡ್ಡ ಉಂಡೆ ಚಳಿಯಲ್ಲಿ ಗಟ್ಟಿಯಾದರೆ ಹಲ್ಲಿಗೆ ಅಪಾಯ. ಚಾಕೊಲೇಟು, ಚಿಕ್ಕಿ, ಕರದಂಟುಗಳನ್ನೂ ಹೊರಡುವ ಮೊದಲೇ ಚಿಕ್ಕ ಚೂರು ಮಾಡಿಡಿ. ಕೈಗವಸು ತೆಗೆದು ಚಾಕು ಹಿಡಿಯುವ ಪರಿಸ್ಥಿತಿ ಅಲ್ಲಿ ಬರಲೇಬಾರದು.

ಉಪ್ಪಿನಕಾಯಿಯನ್ನು ಧೈರ್ಯವಾಗಿ ಒಯ್ಯಿರಿ. ನೀರಿನಲ್ಲಿ ಉಪ್ಪು ಕರಗಿದಷ್ಟೂ ಅದು ಹೆಪ್ಪುಗಟ್ಟುವ ಉಷ್ಣಾಂಶ ಕೆಳಗಿಳಿಯುತ್ತದೆ. ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆತ ನೀರು ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿರುತ್ತದೆ. ಎಣ್ಣೆ ಮಂದವಾದೀತು, ಹೋಳು ಮಂಜಾಗುವುದು ಅಪರೂಪ. ಪುಳಿಯೋಗರೆ ಗೊಜ್ಜು, ಜೇನುತುಪ್ಪಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಗಟ್ಟಿಯಾಗುತ್ತವೆ, ಆದರೆ ಕೈಕೊಡುವುದಿಲ್ಲ. ಗಾಜಿನ ಶೀಶೆ ಮಾತ್ರ ಬೇಡ.

ಈ ಒಣ ಆಹಾರದ ವಿದ್ಯೆಯನ್ನು ವಿಜ್ಞಾನವಾಗಿ ಬೆಳೆಸಿದ ಒಂದು ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಎತ್ತರದ ಗಡಿಯಲ್ಲಿರುವ ಸೈನಿಕರಿಗಾಗಿ ಒಣಗಿಸಿದ, ಹಗುರಾದ, ಬಿಸಿನೀರು ಹಾಕಿದೊಡನೆ ಊಟವಾಗುವ ತಿನಿಸುಗಳನ್ನು ರೂಪಿಸುತ್ತ ಬಂತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ಭಾರತೀಯ ತಿಂಡಿಗಳೂ ಇಲ್ಲಿಯವೇ. ಇಂದು ನಮ್ಮ ಹುಡುಗರು ಅಂಗಡಿಯಿಂದ ಕೊಳ್ಳುವ ದಿಢೀರ್ ಉಪ್ಪಿಟ್ಟು, ದಿಢೀರ್ ಪೊಂಗಲ್ ಪೊಟ್ಟಣಗಳ ಹಿಂದಿರುವ ವಿದ್ಯೆಯೂ ಇದೇ ಬಗೆಯದು.

ಆದರೆ ಕೇಳುಗರೇ, ಒಣ ಬುತ್ತಿ ಕಟ್ಟಿದೊಡನೆ ಕೆಲಸ ಮುಗಿಯಲಿಲ್ಲ. ಹುರಿಹಿಟ್ಟು ಕಲಸಲು ನೀರು ಬೇಕು, ಅವಲಕ್ಕಿ ನೆನೆಸಲು ನೀರು ಬೇಕು. ಒಣ ಚಳಿಗಾಳಿಯಲ್ಲಿ ಏದುಸಿರು ಬಿಡುತ್ತ ಹತ್ತುವ ದೇಹಕ್ಕೆ ಬಾಯಾರಿಕೆ ಗೊತ್ತಾಗದಿದ್ದರೂ ನೀರು ಬೇಕು. ಆಹಾರದಿಂದ ಹೊರಗೆ ಹಾಕಿದ ನೀರನ್ನು ಅಲ್ಲಿ ಬೇರೆಯಾಗಿ ಸಂಪಾದಿಸಬೇಕು. ಸುತ್ತ ಕಣ್ಣು ಹಾಯಿಸಿದಷ್ಟೂ ಹಿಮ, ಕುಡಿಯಲು ಒಂದು ಲೋಟ ನೀರಿಲ್ಲ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಬರೀ ಕರಗಿ ಸೊನ್ನೆ ಡಿಗ್ರಿಯ ನೀರಾಗಲು 80 ಕ್ಯಾಲೊರಿ ಶಾಖ ಬೇಕು. ಅದೇ ನೀರು ಅಲ್ಲಿಂದ 80 ಡಿಗ್ರಿಯವರೆಗೆ ಕಾಯಲೂ ಅಷ್ಟೇ ಶಾಖ ಸಾಕು. ಅಂದರೆ ಹಿಮ ಕರಗಿಸಿ ಒಂದು ಲೀಟರ್ ಚಹಾ ಮಾಡಿದರೆ, ಹರಿಯುವ ಝರಿಯ ನೀರಿನಿಂದ ಮಾಡುವ ಚಹಾದ ಸುಮಾರು ಎರಡರಷ್ಟು ಉರುವಲು ಹೋಗುತ್ತದೆ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚು, ಒಂದು ಲೀಟರ್ ನೀರಿಗೆ ಸುಮಾರು ಹತ್ತು ಲೀಟರ್ ಪಾತ್ರೆ ತುಂಬ ಹಿಮ ಹಾಕಬೇಕಾಗುತ್ತದೆ. ಮಂಜುಗಡ್ಡೆಯ ತುಂಡು ಸಿಕ್ಕರೆ ಅದೇ ಮೇಲು. ಝರಿ ಕಂಡಲ್ಲಿ ಬಾಟಲಿಗಳನ್ನೆಲ್ಲ ತುಂಬಿಸಿಕೊಳ್ಳುವವನು ಜಾಣ.

ಕೇದಾರಕಂಠದ ದಾರಿಯಲ್ಲಿ ಜೂಡಾ ಕಾ ತಾಲಾಬ್ ಎಂಬ ಕೊಳವಿದೆ, ಚಳಿಗಾಲದಲ್ಲಿ ಮೇಲೆಲ್ಲ ಮಂಜು ಕಟ್ಟಿರುತ್ತದೆ. ಅದರಿಂದ ಮೇಲಕ್ಕೆ ಹೋದಮೇಲೆ ಹಿಮ ಕರಗಿಸುವುದೇ ದಾರಿ. ಒಬ್ಬ ಅಡುಗೆಯಾತ ಈ ಕೆಲಸ ಮಾಡುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಗಢವಾಲಿನ ಮಾತಿನಲ್ಲಿ ಎಲ್ಲರೂ ಆತನನ್ನು ಭೈಜಿ ಎನ್ನುತ್ತಿದ್ದರು, ಅಂದರೆ ಅಣ್ಣ. ದೊಡ್ಡ ಅಲ್ಯುಮಿನಿಯಂ ಪಾತೆಲೆಯನ್ನು ಸ್ಟೌ ಮೇಲಿಟ್ಟು, ಹಿಮಕ್ಕೆ ಕೈ ಹಾಕುವ ಮೊದಲು, ಫ್ಲಾಸ್ಕಿನಲ್ಲಿ ಹಿಂದಿನ ರಾತ್ರಿಯಿಂದ ಉಳಿಸಿದ್ದ ಎರಡು ಲೋಟ ನೀರನ್ನು ತಳಕ್ಕೆ ಸುರಿದ. ಅದು ಹಬೆಯಾಡತೊಡಗಿದ ಮೇಲೆ ಹಿಡಿಹಿಡಿ ಹಿಮ ಹಾಕುತ್ತ, ಸೌಟಿನಿಂದ ಅದುಮುತ್ತ ಹೋದ. ಯಾಕೆ ಎಂದು ಕೇಳಿದರೆ, "ಬರೀ ಹಿಮ ಹಾಕಿದರೆ ಸೀದುಹೋಗುತ್ತದೆ ಸಾಬ್, ಇಡೀ ಚಹಾಕ್ಕೆ ಸೀದ ವಾಸನೆ" ಎಂದ. ಮಾತು ಅಕ್ಷರಶಃ ನಿಜ. ಒಣ ಹಿಮ ಪಾತ್ರೆಯ ತಳಕ್ಕೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಕರಗಿದ ಹನಿಯನ್ನು ಮೇಲಿನ ಹಿಮವೇ ಹೀರಿಕೊಳ್ಳುತ್ತದೆ. ತಳ ಒಣಗಿಯೇ ಉಳಿದು ವಿಪರೀತ ಕಾಯುತ್ತದೆ, ನೀರಿಗೆ ಸುಟ್ಟ ರುಚಿ ಹತ್ತುತ್ತದೆ, ತೆಳು ಪಾತ್ರೆಯಾದರೆ ತಳವೇ ಹಾಳು. ಆ ಎರಡು ಲೋಟ ನೀರು ಶಾಖವನ್ನು ಹಿಮಕ್ಕೆಲ್ಲ ಹಂಚುತ್ತದೆ. ಆದ್ದರಿಂದ ರಾತ್ರಿ ಎಷ್ಟೇ ಬಾಯಾರಿದರೂ ಫ್ಲಾಸ್ಕಿನ ಕೊನೆಯ ಎರಡು ಲೋಟ ಮುಟ್ಟಬೇಡಿ. ಮರುದಿನದ ಅಡುಗೆಯೆಲ್ಲ ಅದರ ಮೇಲೆ ನಿಂತಿದೆ.

ಉರುವಲಿಗೂ ಊಟಕ್ಕೂ ಇರುವ ಈ ನಂಟು ಎಷ್ಟು ಕಠೋರವಾದದ್ದು ಎಂಬುದಕ್ಕೆ ದಕ್ಷಿಣ ಧ್ರುವದ ಚರಿತ್ರೆಯೇ ಸಾಕ್ಷಿ. 1912ರ ಮಾರ್ಚ್‌ನಲ್ಲಿ ಧ್ರುವದಿಂದ ಮರಳುತ್ತಿದ್ದ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ಮತ್ತು ಆತನ ಸಂಗಡಿಗರು ದಾರಿಯಲ್ಲಿ ದಾಸ್ತಾನಿಟ್ಟಿದ್ದ ಡಬ್ಬಿಗಳನ್ನು ತೆಗೆದು ನೋಡಿದರೆ ಸೀಮೆಎಣ್ಣೆ ಇರಬೇಕಾದಷ್ಟಿರಲಿಲ್ಲ. ಮುಚ್ಚಳದ ಚರ್ಮದ ವಾಷರುಗಳ ಸಂದಿನಿಂದ ಎಣ್ಣೆ ಆರಿಹೋಗಿತ್ತು. ಅವರಿಗಿಂತ ಮೊದಲೇ ಧ್ರುವ ಮುಟ್ಟಿ ಬಂದ ನಾರ್ವೆಯ ಅಮುಂಡ್‌ಸೆನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ. ಸ್ಕಾಟ್ ತಂಡದ ಕೊನೆಯ ಡೇರೆ ಮುಂದಿನ ದಾಸ್ತಾನಿನಿಂದ ಕೇವಲ 20 ಕಿಲೋಮೀಟರಿನಷ್ಟು ದೂರದಲ್ಲಿತ್ತು. ಅಲ್ಲಿಗೆ ತಲುಪಿದಾಗ ಅವರ ಬಳಿ ಎರಡು ದಿನದ ಆಹಾರವಿತ್ತು, ಉರುವಲು ಮಾತ್ರ ಒಂದೇ ಹೊತ್ತಿನ ಊಟಕ್ಕೆ. ಉಳಿದಿದ್ದವರು ಆ ಡೇರೆಯಲ್ಲೇ ಸತ್ತರು. ಆ ಸಾವಿಗೆ ಕಾರಣಗಳು ಹಲವು, ಹಿಮಗಾಳಿ, ನಿತ್ರಾಣ, ಕಾಲಿನ ಕೊಳೆತ. ಆದರೂ ಊಟವಿದ್ದು ಉರುವಲಿಲ್ಲದ ಆ ಲೆಕ್ಕ ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಇನ್ನು ರಾತ್ರಿಯ ವಿಚಾರ. ಸೂರ್ಯ ಮುಳುಗಿದ ಮೇಲೆ ಡೇರೆಯೊಳಗೂ ಹೊರಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಬೆಚ್ಚಗಿನ ಜಾಗ ಒಂದೇ, ನೀವು ಮಲಗಿದ ಸ್ಲೀಪಿಂಗ್ ಬ್ಯಾಗಿನ ಒಳಗು. ಬೆಳಗ್ಗೆ ಬೇಕಾದ ನೀರು ಅಲ್ಲಿ ಮಲಗಬೇಕು. ಕುದಿಸಿದ ನೀರನ್ನು ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ಕಾಲ ಬಳಿ ಇಟ್ಟುಕೊಂಡರೆ ರಾತ್ರಿ ಪಾದ ಬೆಚ್ಚಗೆ, ಬೆಳಗ್ಗೆ ಕುಡಿಯಲು ನೀರು. ಬಾಟಲಿಯನ್ನು ತಲೆಕೆಳಗು ಮಾಡಿ ಕೊಡವಿ ನೋಡದೆ ಒಳಗೆ ಒಯ್ಯಬೇಡಿ. ಸೋರಿದ ನೀರು ಸ್ಲೀಪಿಂಗ್ ಬ್ಯಾಗಿನೊಳಗೆ ತುಂಬಿದ ಗರಿಯನ್ನು ತೋಯಿಸಿದರೆ ಆ ರಾತ್ರಿ ಜೀವಕ್ಕೇ ಕುತ್ತು. ಅಂಗಡಿಯ ತೆಳು ಮಿನರಲ್ ವಾಟರ್ ಬಾಟಲಿಗೆ ಬಿಸಿನೀರು ಹಾಕಿದರೆ ಅದು ಮುದುಡಿಕೊಳ್ಳುತ್ತದೆ. ಅಗಲ ಬಾಯಿಯ ಗಟ್ಟಿ ಬಾಟಲಿಯೇ ಆಗಬೇಕು, ಕಿರಿದಾದ ಬಾಯಿಯಲ್ಲಿ ಮಂಜು ಬೇಗ ಬಿರಡೆಯಾಗಿ ಕೂರುತ್ತದೆ. ಚೀಲದಿಂದ ಹೀರಿ ಕುಡಿಯುವ ರಬ್ಬರ್ ನಳಿಗೆಯನ್ನು ಊರಲ್ಲೇ ಬಿಟ್ಟುಬನ್ನಿ, ಮೊದಲು ಕಟ್ಟಿಕೊಳ್ಳುವುದೇ ಅದು.

ಮರುದಿನದ ತಿಂಡಿಯೂ ಕಿಬ್ಬೊಟ್ಟೆಯ ಹತ್ತಿರ ಮಲಗಲಿ. ಹಾಗೆಂದು ಅಂಗಡಿಯನ್ನೇ ಒಳಗಿಡಲಾಗದು, ನಮ್ಮ ಮೈಶಾಖವೂ ಮಿತಿಯುಳ್ಳದ್ದು. ಬೆಳಗಿನ ಮೊದಲ ತುತ್ತಿಗೆ ಸಾಕಾಗುವಷ್ಟು ಇಟ್ಟುಕೊಂಡರೆ ಸಾಕು. ನಡೆಯುವಾಗಲೂ ಹಾಗೆಯೇ, ಮಧ್ಯಾಹ್ನದ ಚಪಾತಿ ಬೆನ್ನ ಮೇಲಿನ ಚೀಲದಲ್ಲಿರಬಾರದು, ಜಾಕೆಟ್ಟಿನ ಒಳಜೇಬಿನಲ್ಲಿ ಎದೆಗೆ ತಾಗಿರಬೇಕು.

ಒಳಗೆ ಜಾಗವಿಲ್ಲದೆ ಹೊರಗೆ ಉಳಿದ ನೀರಿಗೆ ಎರಡು ಉಪಾಯ. ಒಂದು, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸುವುದು. ಮಂಜುಗಡ್ಡೆ ನೀರಿಗಿಂತ ಹಗುರ, ಕಟ್ಟಿದ್ದು ಮೇಲೆಯೇ ನಿಲ್ಲುತ್ತದೆ. ಕೊಳಗಳು ಮೇಲಿನಿಂದ ಹೆಪ್ಪುಗಟ್ಟಿ ಕೆಳಗೆ ಮೀನು ಬದುಕುವುದೂ ಇದರಿಂದಲೇ. ಬಾಟಲಿ ನೆಟ್ಟಗಿದ್ದರೆ ಮಂಜು ಮುಚ್ಚಳಕ್ಕೇ ಕಟ್ಟಿ, ಕೆಳಗೆ ನೀರಿದ್ದರೂ ಕೈಗೆ ಸಿಗದು. ತಲೆಕೆಳಗಿಟ್ಟರೆ ಮಂಜು ತಳದ ಕಡೆ ಕಟ್ಟುತ್ತದೆ. ಬೆಳಗ್ಗೆ ನೆಟ್ಟಗೆ ಮಾಡಿ ಮುಚ್ಚಳ ತೆಗೆದರೆ ನೀರು ಬರುತ್ತದೆ. ಎರಡನೆಯದು ಕೇಳಲು ವಿಚಿತ್ರ, ನೀರನ್ನು ಹಿಮದಲ್ಲೇ ಹೂತಿಡುವುದು. ಹೊಸ ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಒಳ್ಳೆಯ ಹೊದಿಕೆ. ಮೇಲೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿ ಬೀಸುತ್ತಿದ್ದರೂ, ಒಂದು ಮೊಳ ಆಳದ ಹಿಮದ ಕೆಳಗೆ ಅಷ್ಟು ಕೊರೆತವಿರುವುದಿಲ್ಲ. ಬಾಟಲಿಗಳನ್ನು ಬಾಯಿ ಕೆಳಗೆ ಮಾಡಿ ಹೂತು, ಮೇಲೆ ಒಂದು ಕೋಲು ನೆಡಿ. ರಾತ್ರಿ ಮತ್ತೆ ಹಿಮ ಬಿದ್ದರೆ ಗುರುತೇ ಸಿಗುವುದಿಲ್ಲ.

ತರಕಾರಿ, ಮೊಟ್ಟೆಗಳನ್ನು ಒಯ್ಯಲೇಬೇಕಾದವರಿಗೆ ಒಂದು ಎಚ್ಚರಿಕೆ. ಕಂಬಳಿ ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದ ಶಾಖ ಬೇಗ ಓಡಿಹೋಗದಂತೆ ತಡೆಯುತ್ತದೆ ಅಷ್ಟೆ. ಆಗಲೇ ಕೊರೆಯುತ್ತಿರುವ ಆಲೂಗಡ್ಡೆಗೆ ಎಷ್ಟು ಕಂಬಳಿ ಹೊದಿಸಿದರೂ ಅದು ಬೆಚ್ಚಗಾಗದು. ಹಿಮಾಲಯದ ಚಳಿಗಾಲದಲ್ಲೂ ನಡುಹಗಲಿನ ಬಿಸಿಲು ಚುರುಕಾಗಿರುತ್ತದೆ. ಆಗ ಮೂಟೆಯನ್ನು ಬಿಸಿಲಿಗಿಟ್ಟು, ಬಿಸಿಲಿಳಿಯುವ ಮುನ್ನವೇ ಗೋಣಿಚೀಲ, ಹಳೆಯ ರಜಾಯಿ ಸುತ್ತಿ, ನೆಲದ ಹಿಮಕ್ಕೆ ತಾಗದಂತೆ ಹುಲ್ಲಿನ ಮೇಲೋ ಹಲಗೆಯ ಮೇಲೋ ಇಡಬೇಕು. ಅನುಭವಸ್ಥ ಅಡುಗೆಯವರು ತಾವು ಮಲಗುವ ಡೇರೆಯಲ್ಲೇ ತರಕಾರಿ ಮೂಟೆಯನ್ನು ನಡುವೆ ಇಟ್ಟುಕೊಂಡು ಸುತ್ತ ಮಲಗುತ್ತಾರೆ.

ಚಳಿನಾಡುಗಳ ರೈತರು ನೆಲಮಾಳಿಗೆಯಲ್ಲಿ ತರಕಾರಿ ಕಾಯುವಾಗ ಪಕ್ಕದಲ್ಲಿ ಒಂದು ತೊಟ್ಟಿ ನೀರಿಡುವ ರೂಢಿಯಿತ್ತು. ಇದು ನನಗೆ ತುಂಬ ಮೆಚ್ಚಿನ ಉಪಾಯ. ಕರಗುವಾಗ ಗ್ರಾಂಗೆ 80 ಕ್ಯಾಲೊರಿ ನುಂಗಿದ ನೀರು, ಹೆಪ್ಪುಗಟ್ಟುವಾಗ ಅಷ್ಟನ್ನೂ ಹಿಂದಕ್ಕೆ ಕೊಡುತ್ತದೆ. ಬರೀ ನೀರು ಸೊನ್ನೆಗೇ ಹೆಪ್ಪುಗಟ್ಟತೊಡಗುತ್ತದೆ. ತರಕಾರಿಯ ರಸದಲ್ಲಿ ಸಕ್ಕರೆ, ಲವಣ ಇರುವುದರಿಂದ ಅದು ಒಂದೆರಡು ಡಿಗ್ರಿ ಕೆಳಗೆ ಹೋಗಬೇಕು. ಹೀಗಾಗಿ ಮೊದಲು ತೊಟ್ಟಿಯ ನೀರು ಕಟ್ಟಿಕೊಳ್ಳುತ್ತ, ತನ್ನ ಶಾಖವನ್ನು ಕೋಣೆಗೆ ಬಿಡುತ್ತ, ತರಕಾರಿಯನ್ನು ಉಳಿಸುತ್ತದೆ. ನಮ್ಮ ಮುಚ್ಚಿದ ಪೆಟ್ಟಿಗೆಯಲ್ಲೂ ಮೊಟ್ಟೆಯ ಸುತ್ತ ನೀರಿನ ಬಾಟಲಿಗಳನ್ನು ಒತ್ತಾಗಿ ನಿಲ್ಲಿಸಿದರೆ ಇದೇ ಉಪಕಾರ. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, ಹಿಗ್ಗಲು ಜಾಗ ಬೇಕು. ಲಡಾಖಿನ ಮನೆಗಳವರಂತೂ ನೆಲದೊಳಗೆ ಗುಂಡಿ ತೋಡಿ ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಎಲೆಕೋಸುಗಳನ್ನು ಹೂತು ಇಡೀ ಚಳಿಗಾಲ ದಾಟಿಸುತ್ತಾರೆ. ಆಳದ ಮಣ್ಣು ಬೇಸಿಗೆಯ ಬಿಸಿಯನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಒಂದು ರಾತ್ರಿಯ ಬಿಡಾರದವರಿಗೆ ಆ ಗುಂಡಿ ಸಾಧ್ಯವಿಲ್ಲ ಬಿಡಿ.

ಒಲೆಯೂ ಚಳಿಗೆ ಸೋಲುತ್ತದೆ. ಚಿಕ್ಕ ಗ್ಯಾಸ್ ಡಬ್ಬಿಗಳಲ್ಲಿ ಇರುವ ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಾದರೆ ಆವಿಯಾಗುವುದೇ ಇಲ್ಲ, ದ್ರವವಾಗಿ ತಳದಲ್ಲಿ ಕೂರುತ್ತದೆ. ಪ್ರೊಪೇನ್ ಮಾತ್ರ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಕೊಳ್ಳುವಾಗ ಪ್ರೊಪೇನ್ ಬೆರೆತ ಡಬ್ಬಿಯನ್ನೇ ಕೇಳಿ, ರಾತ್ರಿ ಅದನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ. ಸಿಗರೇಟ್ ಲೈಟರಿನಲ್ಲಿರುವುದೂ ಬ್ಯುಟೇನೇ, ಒಂದು ಬೆಂಕಿಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿರಲಿ. ಎತ್ತರ 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣಾಂಶ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಲೇಹ್ ಇರುವ 3,500 ಮೀಟರಿನಲ್ಲಿ ನೀರು 88, 89 ಡಿಗ್ರಿಗೇ ಕುದಿದುಬಿಡುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ಸುಲಭವಾಗಿ ಮೆತ್ತಗಾಗದು. ಕುಕ್ಕರ್ ಇಲ್ಲದಿದ್ದರೆ ಬೇಳೆ ಒಯ್ಯಬೇಡಿ. ಅವಲಕ್ಕಿಗೆ ಕುದಿಯುವ ನೀರೂ ಬೇಡ, ಉಗುರುಬೆಚ್ಚಗಾದರೆ ಸಾಕು.

ಈ ಮಾತನ್ನು ಮಾತ್ರ ದಯವಿಟ್ಟು ಮನಸ್ಸಿಟ್ಟು ಕೇಳಿ. ಚಳಿ ತಾಳದೆ, ಊಟ ಬಿಸಿಯಾಗಲಿ ಎಂದು, ಮುಚ್ಚಿದ ಡೇರೆಯೊಳಗೆ ಸ್ಟೌ ಹಚ್ಚುವವರಿದ್ದಾರೆ. ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವವರಿದ್ದಾರೆ. ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ಇದು ಎತ್ತರದ ಆಯಾಸ ಎಂದುಕೊಂಡು ಮಲಗಿದವರು ಏಳುವುದಿಲ್ಲ. ಅಡುಗೆ ಡೇರೆಯ ಬಾಗಿಲು ತೆರೆದಿರಲಿ, ಮಲಗುವ ಡೇರೆಯಲ್ಲಿ ಬೆಂಕಿ ಬೇಡವೇ ಬೇಡ. ಮಕ್ಕಳನ್ನು ಕಳಿಸುವ ತಂದೆತಾಯಿಗಳು ಇದೊಂದು ಮಾತನ್ನು ಅವರ ಬಾಯಿಂದ ಹೇಳಿಸಿಕೊಂಡೇ ಕಳಿಸಿ.

ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ. ತಟ್ಟೆ ಮುಂದಿಟ್ಟರೂ ಬೇಡವೆನಿಸುತ್ತದೆ. ಆದರೂ ಮಲಗುವ ಮುನ್ನ ಏನಾದರೂ ತಿನ್ನಲೇಬೇಕು, ಆ ಊಟವೇ ರಾತ್ರಿ ಮೈಯೊಳಗೆ ಉರಿಯುವ ಉರುವಲು. ಆಗ ಕೈಹಿಡಿಯುವುದು ಗೊತ್ತಿರುವ ರುಚಿ. ನಾಲಗೆಗೆ ಎಳ್ಳಷ್ಟೂ ರುಚಿಸದ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಬಿದ್ದರೆ ನಾಲ್ಕು ತುತ್ತು ಹೆಚ್ಚಿಗೆ ಇಳಿಯುತ್ತದೆ. ಅದರ ಜೊತೆಗೆ ಬಿಸಿ ಸಾರು, ಮೇಲೆ ಒಂದು ತಂಬಿಟ್ಟು.

ಉಣ್ಣಲಾಗದೆ ಉಳಿದದ್ದನ್ನು ಹಿಮದಲ್ಲಿ ಹೂತು ಬರುವ ರೂಢಿ ಈಗ ಬಿಡಾರಗಳಲ್ಲೆಲ್ಲ ಹಬ್ಬಿದೆ. ಕಣ್ಣಿಗೆ ಕಾಣದ್ದರಿಂದ ಕೊಳೆತುಹೋಯಿತೆಂದು ತಿಳಿಯುತ್ತಾರೆ. ಹೆಪ್ಪುಗಟ್ಟಿದ್ದು ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ಹಿಮ ಕರಗಿದಾಗ ಅನ್ನ, ಮೊಟ್ಟೆಚಿಪ್ಪು, ಬಿಸ್ಕತ್ತಿನ ಪೊಟ್ಟಣ, ನೂಡಲ್ಸ್ ಪೊಟ್ಟಣ ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ, ಆ ಹೊತ್ತಿಗೇ ಕುರುಬರು ಕುರಿಗಳನ್ನು ಹೊಡೆದುಕೊಂಡು ಅದೇ ಹುಲ್ಲುಗಾವಲಿಗೆ ಏರುತ್ತಾರೆ. ಕೆಳಗಿನ ಹಳ್ಳಿಗಳು ಕುಡಿಯುವ ಝರಿಗಳು ಹುಟ್ಟುವುದೂ ಅಲ್ಲಿಯೇ. ಬುತ್ತಿಯ ಜೊತೆ ಒಂದು ಖಾಲಿ ಗಟ್ಟಿ ಚೀಲ ಇಟ್ಟುಕೊಳ್ಳಿ. ಉಳಿದ ಅನ್ನ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಸೋರುವುದಿಲ್ಲ, ನಾರುವುದಿಲ್ಲ, ಸಾಂಕ್ರಿಯವರೆಗೆ ಸಲೀಸಾಗಿ ಹೊತ್ತು ತರಬಹುದು.